ಮಕ್ಕಳಿಗೆ ಮನೆಯಲ್ಲೇ ಭೂಗೋಳ



ಇಂದು ಸಂಜೆ ಮನೆಗೆ ಹೋದ ಮೇಲೆ ನಿಮ್ಮ ಮಗನನ್ನೋ ಮೊಮ್ಮಗಳನ್ನೋ ಹತ್ತಿರ ಕರೆದು ಒಂದು ಪ್ರಶ್ನೆ ಕೇಳಿ ನೋಡಿರಿ: "ನಮ್ಮ ಹೊಲದ ಮೇಲೆ ಬಿದ್ದ ಮಳೆ ನೀರು ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ?" ದೂರದ ದೇಶಗಳ ರಾಜಧಾನಿಗಳನ್ನು ಪಟಪಟನೆ ಒಪ್ಪಿಸುವ ಮಗು ಈ ಪ್ರಶ್ನೆಗೆ ತಲೆ ಕೆರೆದುಕೊಳ್ಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ತಪ್ಪು ಮಗುವಿನದಲ್ಲ. ಭೂಗೋಳವೆಂದರೆ ಪುಸ್ತಕದೊಳಗಿನ ಸಂಗತಿ, ಪರೀಕ್ಷೆ ಮುಗಿದರೆ ಅದೂ ಮುಗಿಯಿತು ಎಂಬ ಭಾವನೆ ನಮ್ಮಲ್ಲೇ ಬೇರೂರಿದೆ. ಆದರೆ ಇಳಿಜಾರು, ಮಣ್ಣು, ಮಳೆ, ನದಿ, ದಿಕ್ಕು, ಗಡಿ ಇವೆಲ್ಲವೂ ಭೂಗೋಳವೇ ಅಲ್ಲವೆ? ಇವುಗಳಲ್ಲಿ ನಿಮಗೆ ತಿಳಿದಷ್ಟು ಶಾಲೆಯ ಮೇಷ್ಟ್ರಿಗೂ ತಿಳಿದಿರಲಾರದು.

ನಗರಗಳಲ್ಲಿ ಅಲ್ಲೊಂದು ಇಲ್ಲೊಂದು ಕುಟುಂಬ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುತ್ತಿದೆ. ಅಂಥ ಮಕ್ಕಳಲ್ಲಿ ಹಲವರು 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಪರೀಕ್ಷೆಗೆ ಕೂರುತ್ತಾರೆ. ಇದು ಹೊಸ ಸಂಗತಿಯೇನೂ ಅಲ್ಲ. ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಡಾ. ಶಿವರಾಮ ಕಾರಂತರಿಗೆ ಗೋಡೆಗಳ ನಡುವಿನ ಪಾಠದಲ್ಲಿ ಅಷ್ಟಾಗಿ ನಂಬಿಕೆ ಇರಲಿಲ್ಲ. 1930ರ ದಶಕದಲ್ಲೇ ಮಕ್ಕಳಿಗೆಂದು 'ಬಾಲಪ್ರಪಂಚ'ವನ್ನು ಮೂರು ಸಂಪುಟಗಳಲ್ಲಿ ಬರೆದುಕೊಟ್ಟವರು ಅವರು. ಅವರ ಮಗ ಉಲ್ಲಾಸ ಕಾರಂತರು ಬಾಲ್ಯದಲ್ಲಿ ಮನೆಯಲ್ಲಿಯೇ ಕಲಿತು, ಮುಂದೆ ಇಂಜಿನಿಯರಿಂಗ್ ಓದಿ, ನಮ್ಮ ಕಬಿನಿ ಹಿನ್ನೀರಿಗೆ ತಾಗಿರುವ ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನದಿಂದ ಹೆಸರಾದರು.

ಹಾಗೆಂದು ನಾನು ಮಕ್ಕಳನ್ನು ಶಾಲೆ ಬಿಡಿಸಿರೆಂದು ಹೇಳುತ್ತಿಲ್ಲ. 6ರಿಂದ 14 ವಯಸ್ಸಿನ ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಊರಿನ ಶಾಲೆಯನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಹೊಣೆ. ಹೊಲದ ಕೆಲಸಕ್ಕೆ ಕೈ ಬೇಕೆಂದು ಮಗುವನ್ನು ಮನೆಯಲ್ಲಿ ಇಟ್ಟುಕೊಂಡು ಅದಕ್ಕೆ 'ಮನೆಪಾಠ' ಎಂದು ಹೆಸರಿಡುವವರನ್ನು ನಾನು ಒಪ್ಪುವುದಿಲ್ಲ. ಶಾಲೆ ಮುಗಿದ ಮೇಲೆ, ರಜೆಯ ದಿನಗಳಲ್ಲಿ, ಮನೆಯಲ್ಲಿ ಕಲಿಸಬಹುದಾದ ಭೂಗೋಳದ ಮಾತು ಇಲ್ಲಿ ಹೇಳಹೊರಟಿದ್ದೇನೆ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಮನೆಗಳೆಲ್ಲ ಶಾಲೆಗಳಾಗಬೇಕಾಯಿತು. ಆ ವರ್ಷ ಆಗಸ್ಟ್‌ನಲ್ಲಿ ಬಂದ 'ವಿದ್ಯಾಗಮ'ದಲ್ಲಿ ಮೇಷ್ಟ್ರುಗಳು ದೇವಸ್ಥಾನದ ಜಗಲಿಯಲ್ಲಿ, ಅರಳಿಮರದ ಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಆ ಒಂದೂವರೆ ವರ್ಷದಲ್ಲಿ ನಂಜನಗೂಡು ತಾಲ್ಲೂಕಿನ ಹೊಳೆ ದಂಡೆಯ ಊರೊಂದರಲ್ಲಿ ಒಬ್ಬ ತಾತ ತನ್ನ ಮೊಮ್ಮಗಳಿಗೆ ಕಲಿಸಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಈ ಲೇಖನ ಬರೆಯುವ ಮನಸ್ಸಾದದ್ದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ನೆರಳಿನಿಂದ ದಿಕ್ಕು

ಮೊದಲ ಪಾಠಕ್ಕೆ ಬೇಕಾದದ್ದು ಮೂರು ಅಡಿ ಉದ್ದದ ನೆಟ್ಟನೆಯ ಕೋಲು, ಒಂದು ತುಂಡು ಹಗ್ಗ, ನಾಲ್ಕು ಗೂಟ. ಕಣದಲ್ಲಿ ಸಮತಟ್ಟಾದ ಜಾಗ ನೋಡಿ ಕೋಲನ್ನು ನೇರವಾಗಿ ನಿಲ್ಲಿಸಿರಿ. ಬೆಳಗ್ಗೆ ಒಂಬತ್ತೂವರೆ ಹತ್ತರ ಹೊತ್ತಿಗೆ ನೆರಳಿನ ತುದಿಗೆ ಗೂಟ ಹೊಡೆದು, ಅಷ್ಟೇ ಉದ್ದದ ಹಗ್ಗದಿಂದ ಕೋಲಿನ ಸುತ್ತ ಒಂದು ವೃತ್ತ ಎಳೆಯಿರಿ. ನೆರಳು ಕುಗ್ಗುತ್ತ ಹೋಗಿ, ಮಧ್ಯಾಹ್ನದ ನಂತರ ಮತ್ತೆ ಬೆಳೆದು ಆ ವೃತ್ತವನ್ನು ಮುಟ್ಟುತ್ತದೆ. ಅಲ್ಲಿ ಇನ್ನೊಂದು ಗೂಟ. ಎರಡು ಗೂಟಗಳ ನಡುವಿನ ಗೆರೆಯೇ ಪೂರ್ವ ಪಶ್ಚಿಮ. ಅದರ ನಡುಮಧ್ಯದಿಂದ ಕೋಲಿಗೆ ಎಳೆದ ಗೆರೆ ಉತ್ತರ ದಕ್ಷಿಣ. ಹಿಂದಿನ ಕಾಲದಲ್ಲಿ ಗುಡಿ ಕಟ್ಟುವವರು ದಿಕ್ಕು ಹಿಡಿಯುತ್ತಿದ್ದದ್ದೂ ಹೀಗೆಯೇ.

ಇದನ್ನು ತಿಂಗಳಿಗೊಮ್ಮೆ ಮಾಡಿಸಿದರೆ ಮಗುವಿಗೆ ಒಂದು ಸೋಜಿಗ ಕಾಣುತ್ತದೆ. ಏಪ್ರಿಲ್ 22ರ ಸುಮಾರಿಗೆ ಮತ್ತು ಆಗಸ್ಟ್ 20ರ ಸುಮಾರಿಗೆ ನಮ್ಮ ಭಾಗದಲ್ಲಿ ನಡುಹಗಲು ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಕೋಲಿಗೆ ನೆರಳೇ ಇರುವುದಿಲ್ಲ. ಇವೆರಡರ ನಡುವಿನ ನಾಲ್ಕು ತಿಂಗಳು ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ಕಾಲದಲ್ಲಿ ಉತ್ತರಕ್ಕೆ. ಭೂಮಧ್ಯರೇಖೆಯಿಂದ ನಾವು ಸುಮಾರು 12 ಡಿಗ್ರಿ ಉತ್ತರದಲ್ಲಿದ್ದೇವೆ ಎಂಬ ಪುಸ್ತಕದ ಮಾತಿನ ಅರ್ಥ ಇದೇ. ದನದ ಕೊಟ್ಟಿಗೆಯ ಉದ್ದವನ್ನು ಪೂರ್ವ ಪಶ್ಚಿಮಕ್ಕೆ ಇಡಿರೆಂದು ನಮ್ಮ ಇಲಾಖೆಯವರು ಹೇಳುವುದೇಕೆ ಎಂದು ಕೇಳಿದರೆ, ಈ ಪಾಠ ಕಲಿತ ಮಗು ತಾನೇ ಉತ್ತರ ಕೊಡುತ್ತದೆ.

ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ಗಡಿಯಾರದಲ್ಲಿ ನೋಡಿಸಿರಿ. ಆ ದಿನಗಳಲ್ಲಿ ಅದು ಹನ್ನೆರಡಕ್ಕೆ ಸರಿಯಾಗಿ ಆಗುವುದಿಲ್ಲ, 12 ಗಂಟೆ 20-25 ನಿಮಿಷಕ್ಕೆ ಆಗುತ್ತದೆ. ಇಡೀ ದೇಶದ ಗಡಿಯಾರವನ್ನು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82½ ಡಿಗ್ರಿ ರೇಖಾಂಶಕ್ಕೆ ಹೊಂದಿಸಲಾಗಿದೆ. ನಾವು ಅದಕ್ಕಿಂತ ಪಶ್ಚಿಮಕ್ಕೆ ಇರುವುದರಿಂದ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ತಡ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಲೆಕ್ಕ ಮಾಡುವ ಕೆಲಸ ಮಗುವಿಗೇ ಬಿಡಿರಿ.

ನಿಮ್ಮ ಮಳೆ ನಕ್ಷತ್ರಗಳೂ ಸೂರ್ಯನ ನಡಿಗೆಯ ಲೆಕ್ಕವೇ. ಅಶ್ವಿನಿ, ಭರಣಿ, ಕೃತ್ತಿಕೆ ಎಂದು 27 ನಕ್ಷತ್ರಗಳು. ವರ್ಷದ 365 ದಿನಗಳನ್ನು 27ರಿಂದ ಭಾಗಿಸಿದರೆ ಹದಿಮೂರೂವರೆ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ ಇರುವುದು ಇದರಿಂದಲೇ. ಇದನ್ನು ನಮ್ಮ ಅಜ್ಜಂದಿರು ಹಲಗೆ ಬಳಪ ಇಲ್ಲದೆ ಇಟ್ಟುಕೊಂಡಿದ್ದರು.

ನಕಾಶೆ ಓದುವುದು

ನಿಮ್ಮ ಊರಿನ ಗ್ರಾಮ ನಕಾಶೆಯನ್ನು ಎಷ್ಟು ಜನ ಬಿಡಿಸಿ ನೋಡಿದ್ದೀರಿ? ಪಹಣಿಯನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟ ಮನೆಗಳಲ್ಲಿ ನಕಾಶೆ ಇರುವುದಿಲ್ಲ. ಹೊಲದ ತಗಾದೆ ಹುಟ್ಟಿದಾಗ ಮಾತ್ರ ಅದರ ನೆನಪಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಬಾಂದುಕಲ್ಲು ಎಲ್ಲಿದೆ ಎಂಬುದೇ ಮಕ್ಕಳಿಗೆ ತಿಳಿಯದೆ, ಎರಡು ಗುಂಟೆಗೆ ಹತ್ತು ವರ್ಷ ಕೋರ್ಟಿಗೆ ಅಲೆದ ಅಣ್ಣತಮ್ಮಂದಿರು ಯಾವ ಹೋಬಳಿಯಲ್ಲಿ ಇಲ್ಲ ಹೇಳಿರಿ.

ಮಗುವಿಗೆ ಅಳತೆಯಿಂದ ಆರಂಭಿಸಿರಿ. ನಮ್ಮ ಮೋಜಣಿಯ ಸರಪಳಿ 33 ಅಡಿ; ಅದರಲ್ಲಿ 16 ಆಣೆ. 33 ಅಡಿ ಉದ್ದ 33 ಅಡಿ ಅಗಲದ ಚೌಕ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. 33 ಅಡಿಯ ಹಗ್ಗ ಕೊಟ್ಟು ಕಣದಲ್ಲಿ ಒಂದು ಗುಂಟೆಯನ್ನು ಗುರುತು ಮಾಡಿಸಿರಿ. ಆಮೇಲೆ ತನ್ನ ಹೆಜ್ಜೆಯಲ್ಲಿ ಅದರ ಒಂದು ಬದಿ ಎಷ್ಟಾಗುತ್ತದೆ ಎಂದು ಎಣಿಸಲಿ. ಆ ಎಣಿಕೆ ಗೊತ್ತಾದರೆ ಆ ಮಗು ನಡೆದೇ ಹೊಲ ಅಳೆಯಬಲ್ಲದು.

ಗ್ರಾಮ ನಕಾಶೆಯನ್ನು ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಿಂದ ಪಡೆಯಬಹುದು. ಕಂಪ್ಯೂಟರ್ ಇರುವ ಯಾವ ಅಂಗಡಿಯಲ್ಲಾದರೂ ದೊಡ್ಡ ಹಾಳೆಗೆ ಅಚ್ಚು ಹಾಕಿಸಬಹುದು. ನಕಾಶೆಯಲ್ಲಿ ಉತ್ತರದ ಬಾಣ ಎಲ್ಲಿದೆ, ಅಳತೆಪಟ್ಟಿ ಎಲ್ಲಿದೆ ಎಂದು ಮೊದಲು ತೋರಿಸಿರಿ. ಕೋಲಿನ ನೆರಳಿನಿಂದ ಹಿಡಿದ ಉತ್ತರಕ್ಕೆ ಹಾಳೆಯ ಉತ್ತರವನ್ನು ಕೂಡಿಸಿ ಹಾಸಿರಿ. ಆಗ ಕಾಗದದ ಮೇಲಿನ ಹಳ್ಳ ಯಾವ ಕಡೆ ಇದೆಯೋ ನೆಲದ ಮೇಲಿನ ಹಳ್ಳವೂ ಅದೇ ಕಡೆ ಇರುತ್ತದೆ. ಹಳ್ಳ, ಕೆರೆ, ಬಂಡಿದಾರಿ, ಕಾಲುದಾರಿ, ಗುಂಡುತೋಪು, ಗೋಮಾಳ ಒಂದೊಂದನ್ನೂ ಹುಡುಕಿಸಿ, ಕಾಗದ ಹಿಡಿದುಕೊಂಡೇ ನಡೆದು ನೋಡಿ ಬರಲಿ. ನಕಾಶೆಯಲ್ಲಿದ್ದ ಹಳ್ಳ ನೆಲದ ಮೇಲೆ ಮಾಯವಾಗಿರುವುದೂ ಉಂಟು! ಅದು ಯಾರ ಹೊಲಕ್ಕೆ ಸೇರಿತೆಂದು ಮಗು ನಾಲ್ಕು ಜನರ ಮುಂದೆ ಕೇಳಿದರೆ ಗದರಿಸಬೇಡಿರಿ. ಕೈಯಲ್ಲಿ ಮೊಬೈಲು ಇದ್ದವರು ಮೋಜಣಿ ಇಲಾಖೆಯ 'ದಿಶಾಂಕ್' ಆ್ಯಪ್ ಹಾಕಿಕೊಂಡರೆ ತಾವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಮಕ್ಕಳಿಗೆ ಅದು ಬಹಳ ಹಿಡಿಸುತ್ತದೆ. ಆದರೆ ಮೊದಲು ಕಾಗದ, ಆಮೇಲೆ ಮೊಬೈಲು ಎಂಬುದು ನನ್ನ ಅಭಿಪ್ರಾಯ.

ಏರುತಗ್ಗು ತಿಳಿಸಲು ಒಂದು ಸುಲಭ ಉಪಾಯವಿದೆ. ಅಗಲವಾದ ಬಾಣಲೆಯಲ್ಲಿ ಜೇಡಿಮಣ್ಣಿನ ಒಂದು ಗುಡ್ಡ ಮಾಡಿ ಒಂದು ಬೆರಳಿನಷ್ಟು ನೀರು ಹಾಕಿರಿ. ನೀರಿನ ಅಂಚು ಗುಡ್ಡವನ್ನು ಮುಟ್ಟುವ ಕಡೆ ಕಡ್ಡಿಯಿಂದ ಗೆರೆ ಕೊರೆಸಿರಿ. ಇನ್ನೊಂದು ಬೆರಳು ನೀರು, ಇನ್ನೊಂದು ಗೆರೆ. ಮೇಲಿನಿಂದ ನೋಡಿದರೆ ಗೆರೆಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ. ಇವೇ ಸಮಪಾತಳಿ ಗೆರೆಗಳು. ನಿಮ್ಮ ಹೊಲಕ್ಕೆ ಬದು ಹಾಕುವಾಗ ನಾವು ಹಿಡಿಯುವುದು ಇದೇ ಗೆರೆಯನ್ನು. ಗೆರೆಗಳು ಒತ್ತಾಗಿ ಬಂದ ಕಡೆ ಇಳಿಜಾರು ಕಡಿದು, ಮಣ್ಣು ಕೊಚ್ಚಿ ಹೋಗುವುದೂ ಅಲ್ಲಿಯೇ.

ಹೊಳೆಯ ಪಾಠ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಮಕ್ಕಳಷ್ಟು ಭಾಗ್ಯವಂತರು ಭೂಗೋಳದ ಮಟ್ಟಿಗೆ ಬೇರೆ ಕಡೆ ವಿರಳ. ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಪನಮರಂ ಹೊಳೆ, ಮಾನಂದವಾಡಿ ಹೊಳೆ ಕೂಡಿ ಕಬಿನಿಯಾಗುತ್ತದೆ. ಕೇರಳದ ಹೊಳೆಗಳೆಲ್ಲ ಪಶ್ಚಿಮಕ್ಕೆ ಹರಿದರೆ ಪೂರ್ವಕ್ಕೆ ಹರಿಯುವವು ಮೂರೇ: ಕಬಿನಿ, ಭವಾನಿ, ಪಾಂಬಾರ್. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ 1974ರಲ್ಲಿ ಮುಗಿದ ಅಣೆಕಟ್ಟೆ, ಕೆಳಗೆ ಬಂದರೆ ನುಗು ಹೊಳೆ ಸೇರುವುದು, ನಂಜನಗೂಡಿನಲ್ಲಿ ಗುಂಡ್ಲು ಹೊಳೆ ಸೇರುವುದು, ನರಸೀಪುರದಲ್ಲಿ ಕಾವೇರಿಯೊಡನೆ ಸಂಗಮ. ಅಲ್ಲಿಂದ ಮುಂದೆ ಕಾವೇರಿ ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ. ಈ ಸಾಲನ್ನು ಮನೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದರೂ ಆಯಿತು.

ಇದೇಕೆ ತಿಳಿದಿರಬೇಕು? ಮೇಲೆ ಹೇಳಿದ ಆ ತಾತನ ಮನೆಯ ಸಂಗತಿ ಕೇಳಿರಿ. 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿ ಬಂದು ನಂಜನಗೂಡಿನ ತಗ್ಗು ಬಡಾವಣೆಗಳು, ಮಲ್ಲನಮೂಲೆಯ ಬಳಿ ಮೈಸೂರು ರಸ್ತೆ ಎಲ್ಲ ನೀರಿನಲ್ಲಿ ಮುಳುಗಿದ್ದು ನಿಮಗೆ ನೆನಪಿದೆ. ಆಗ ಈ ಮನೆಯವರು ಹೊಳೆ ದಂಡೆಯಲ್ಲಿದ್ದ ಪಂಪ್‌ಸೆಟ್ಟನ್ನೂ ಕೊಯ್ಲಿಗೆ ಬಂದಿದ್ದ ಬಾಳೆಯನ್ನೂ ಕಳೆದುಕೊಂಡರು. ಊರಲ್ಲಿ ಮಳೆಯೇ ಇರಲಿಲ್ಲ, ಬಿಸಿಲು ಕಾಯುತ್ತಿತ್ತು. ಬಿಸಿಲಲ್ಲಿ ನೆರೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಮರುವರ್ಷ ಶಾಲೆ ಮುಚ್ಚಿದಾಗ, ಏಳನೇ ತರಗತಿಗೆ ಹೋಗಬೇಕಿದ್ದ ಮೊಮ್ಮಗಳಿಗೆ ಓದಿಸುವ ಹೊಣೆ ತಾತನ ಮೇಲೆ ಬಿತ್ತು. ಅವರು ಓದಿದ್ದು ನಾಲ್ಕನೇ ಇಯತ್ತೆ. ಗೊತ್ತಿದ್ದದ್ದು ಹೊಳೆ ಒಂದೇ. ಹಿಂದಿನ ನೆರೆ ಊರಿನಲ್ಲಿ ಎಲ್ಲಿಯವರೆಗೆ ಬಂದಿತ್ತೆಂದು ಗೋಡೆ ಗೋಡೆಗೆ ಕರೆದುಕೊಂಡು ಹೋಗಿ ತೋರಿಸಿದರು. ಹುಡುಗಿ ಆ ಗುರುತುಗಳನ್ನೆಲ್ಲ ಗ್ರಾಮ ನಕಾಶೆಯ ಪ್ರತಿಯ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ ಕೂಡಿಸಿದಳು. ಯಾವ ಮನೆ ಮೊದಲು ಮುಳುಗುತ್ತದೆ, ಯಾವ ದಾರಿ ಕೊನೆಯವರೆಗೆ ಒಣಗಿರುತ್ತದೆ ಎಂಬುದು ಆ ಗೆರೆಯಿಂದ ತಿಳಿಯುತ್ತಿತ್ತು. ಮುಂದೆ ಶಾಲೆ ತೆರೆದ ಮೇಲೂ ಹುಡುಗಿ ಆ ಅಭ್ಯಾಸ ಬಿಡಲಿಲ್ಲ. ಮಳೆಗಾಲದಲ್ಲಿ ವಯನಾಡಿನ ಮಳೆಯ ಸುದ್ದಿ, ಅಣೆಕಟ್ಟೆಯ ಒಳಹರಿವು ಹೊರಹರಿವಿನ ಅಂಕಿ, ಊರ ಸೋಪಾನದಲ್ಲಿ ಎಷ್ಟನೇ ಮೆಟ್ಟಿಲಿಗೆ ನೀರು ಬಂತು, ಇಷ್ಟನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಅಣೆಕಟ್ಟೆಯಲ್ಲಿ ಬಿಟ್ಟ ನೀರು ತಮ್ಮೂರ ಮೆಟ್ಟಿಲಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದು ಆ ಪುಸ್ತಕದಿಂದಲೇ ಮನೆಯವರಿಗೆ ಗೊತ್ತಾಯಿತು.

2024ರ ಜುಲೈ ಕೊನೆಯಲ್ಲಿ ಹೊಳೆ ಮತ್ತೆ ತುಂಬಿ ಬಂದಿತು. "ಕೂಸು ಹೇಳ್ದೇಟ್ಗೆ ಮೋಟ್ರು ಬಿಚ್ಚಿ ಮ್ಯಾಕ್ಕೆ ಸಾಗಿಸ್ದೊ ಕನ ಸಾ, ದನಾನೂ ಹೊಡ್ಕಂಡ್ ಬಂದೊ. ಇಲ್ದಿದ್ರೆ ಅದೂ ನೀರ್ಪಾಲೇ" ಎಂದು ತಾತ ನನಗೆ ಹೇಳಿದರು. ಬಾಳೆ ಉಳಿಯಲಿಲ್ಲ. ಪಂಪ್‌ಸೆಟ್ಟು, ದನ, ಮನೆಯ ದವಸ ಉಳಿದವು. ಪಕ್ಕದ ನಾಲ್ಕು ಮನೆಯವರೂ ಅವಳ ಮಾತು ಕೇಳಿ ಸಾಮಾನು ಮೇಲೆ ಸಾಗಿಸಿದ್ದರು.

ಅಂಕಿಗಳಿಗೆ ಮಕ್ಕಳು ಹೆದರುವುದು ಬೇಡ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಆದ್ದರಿಂದ ಸುಮಾರು 11,574 ಕ್ಯುಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. ಕಬಿನಿ ಜಲಾಶಯ ಹಿಡಿಯುವುದು ಸುಮಾರು ಹತ್ತೊಂಬತ್ತೂವರೆ ಟಿಎಂಸಿ. ಅರವತ್ತು ಸಾವಿರ ಕ್ಯುಸೆಕ್ ಒಳಗೆ ಬರುತ್ತಿದ್ದರೆ ಖಾಲಿ ಜಲಾಶಯವೂ ನಾಲ್ಕು ದಿನದೊಳಗೆ ತುಂಬಿಬಿಡುತ್ತದೆ. ತುಂಬಿದ ಮೇಲೆ ಬಂದಷ್ಟನ್ನೂ ಕೆಳಗೆ ಬಿಡದೆ ಗತಿಯಿಲ್ಲ. ಒಂದು ಟಿಎಂಸಿಯನ್ನು ಒಂದು ಅಡಿ ಆಳಕ್ಕೆ ಹರಡಿದರೆ ಸುಮಾರು 23,000 ಎಕರೆ ಮುಚ್ಚುತ್ತದೆ. ಈ ಲೆಕ್ಕ ತಿಳಿದ ಮಗುವಿಗೆ ಪತ್ರಿಕೆಯ ಅಂಕಿ ಬರೀ ಅಂಕಿಯಾಗಿ ಕಾಣುವುದಿಲ್ಲ. ನಂಜನಗೂಡಿನವರಿಗೆ ಹದಿನಾರು ಕಾಲು ಮಂಟಪವೇ ಅಳತೆಗೋಲು. ಅದು ಎಷ್ಟು ಮುಳುಗಿತೆಂದು ಕೇಳಿಯೇ ಹಿರಿಯರು ನೆರೆಯ ಬಲ ಹೇಳುತ್ತಿದ್ದರು.

ಇದೇ 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು. ಆ ನೀರು ಮಣ್ಣು ನಮ್ಮ ಕಡೆ ಬರಲಿಲ್ಲ; ಚಾಲಿಯಾರ್ ಹೊಳೆಗೆ ಇಳಿದು ಪಶ್ಚಿಮಕ್ಕೆ ಹೋಯಿತು. ಒಂದೇ ಜಿಲ್ಲೆ, ಒಂದೇ ಮಳೆ. ಗುಡ್ಡದ ನೆತ್ತಿಯ ಈ ಬದಿ ಬಿದ್ದ ಹನಿ ಕಬಿನಿಗೆ, ಆ ಬದಿ ಬಿದ್ದ ಹನಿ ಅರಬ್ಬೀ ಸಮುದ್ರಕ್ಕೆ. ಜಲವಿಭಜಕ ಎಂಬ ಪುಸ್ತಕದ ಶಬ್ದವನ್ನು ತಿಳಿಸಲು ಮನೆಯ ಸೂರಿನ ನಡುತೊಲೆಯನ್ನು ತೋರಿಸಿದರೂ ಸಾಕು.

ಎಡದಂಡೆ ಬಲದಂಡೆ ವಿಷಯದಲ್ಲಿ ದೊಡ್ಡವರೇ ಎಡವುತ್ತಾರೆ. ನೀರು ಹರಿದು ಹೋಗುವ ಕಡೆಗೆ ಮುಖ ಮಾಡಿ ನಿಂತಾಗ ಬಲಗೈ ಕಡೆ ಇರುವುದು ಬಲದಂಡೆ. ಇದನ್ನು ನಾಲೆಯ ಏರಿಯ ಮೇಲೆ ಮಗುವನ್ನು ನಿಲ್ಲಿಸಿ ಒಮ್ಮೆ ಹೇಳಿದರೆ ಮತ್ತೆ ಮರೆಯುವುದಿಲ್ಲ.

ಹೆಸರಿನಲ್ಲಿರುವ ಭೂಗೋಳ

ತಿರುಮಕೂಡಲು ಎಂಬ ಹೆಸರಿನಲ್ಲೇ ಕೂಡಲು, ಎಂದರೆ ಸಂಗಮ, ಇದೆ. ಕಾವೇರಿ, ಕಬಿನಿ, ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಎಂದು ಮೂರು ಹೇಳುತ್ತಾರೆ. 1989ರಿಂದ ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳ ನಡೆದು ಬಂದಿದೆ. ಮುಡುಕುತೊರೆ ಎಂದರೆ ತೊರೆಯ ತಿರುವು. ಬೆಟ್ಟ ಹತ್ತಿ ನೋಡಿದರೆ ಕಾವೇರಿ ಅಲ್ಲಿ ತಿರುಗಿಕೊಂಡಿರುವುದು ಕಾಣುತ್ತದೆ. ಹುಂಡಿ, ಕಟ್ಟೆ, ಕೆರೆ, ತೊರೆ, ಪುರ ಎಂದು ಕೊನೆಯಾಗುವ ಊರುಗಳನ್ನು ಬೇರೆ ಬೇರೆ ಪಟ್ಟಿ ಮಾಡಿಸಿರಿ. ನೀರಿನ ಹೆಸರಿರುವ ಊರಿನಲ್ಲಿ ಈಗ ನೀರಿದೆಯೆ ಎಂದು ಮಗು ವಿಚಾರಿಸಿಕೊಂಡು ಬರಲಿ.

ತಲಕಾಡಿಗೆ ಕರೆದುಕೊಂಡು ಹೋದರೆ ಗಾಳಿಯ ಪಾಠ. ಅಲಮೇಲಮ್ಮನ ಶಾಪದ ಕಥೆಯನ್ನು ಖಂಡಿತ ಹೇಳಿರಿ, ಮಕ್ಕಳಿಗೆ ಕಥೆ ಬೇಕು. ಜೊತೆಗೆ ಇದನ್ನೂ ಹೇಳಿರಿ: ಹೊಳೆ ತಿರುಗುವ ಕಡೆ ಮರಳು ನಿಲ್ಲುತ್ತದೆ, ನೀರು ಇಳಿದಾಗ ಅದು ಒಣಗುತ್ತದೆ, ನೈಋತ್ಯದ ಗಾಳಿ ಅದನ್ನು ಹೊತ್ತು ದಂಡೆಯ ಮೇಲೆ ಸುರಿಯುತ್ತದೆ. ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಹೊಳೆಯಲ್ಲಿ ಮರಳು ಹೆಚ್ಚು ತೆರೆದುಕೊಂಡಿತೆಂಬ ವಿವರಣೆಯೂ ಇದೆ. ಹೊಲದ ಅಂಚಿಗೆ ಸರ್ವೆ, ಗ್ಲಿರಿಸಿಡಿಯ ನೆಟ್ಟು ಗಾಳಿ ತಡೆಯಿರೆಂದು ನಾವು ಹೇಳುವುದಕ್ಕೆ ತಲಕಾಡಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮಣ್ಣಿನ ಪಾಠಕ್ಕೆ ಒಂದು ಗಾಜಿನ ಶೀಶೆ ಸಾಕು. ಅರ್ಧ ಮಣ್ಣು, ಉಳಿದದ್ದು ನೀರು ಹಾಕಿ ಕುಲುಕಿ ಒಂದು ದಿನ ಬಿಟ್ಟರೆ ಮರಳು ತಳದಲ್ಲಿ, ರೇವೆ ನಡುವೆ, ಜೇಡಿ ಮೇಲೆ ಕೂರುತ್ತದೆ. ದಿಬ್ಬದ ಕೆಂಪು ಮಣ್ಣು, ತಗ್ಗಿನ ಎರೆ, ಹೊಳೆ ಬದಿಯ ಮೆಕ್ಕಲು ಮೂರನ್ನೂ ಪಕ್ಕಪಕ್ಕ ಇಡಿರಿ. ಭೌಗೋಳಿಕ ಸೂಚಿಕೆ ಪಡೆದ ನಂಜನಗೂಡಿನ ರಸಬಾಳೆ ದೇವರಸನಹಳ್ಳಿ ಸುತ್ತಿನ ನೆಲದಲ್ಲಿ ಬರುವ ರುಚಿಗೆ ಬೇರೆ ಕಡೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ. ಪನಾಮಾ ಸೊರಗು ರೋಗದಿಂದ ಆ ತಳಿ ಎಷ್ಟು ಕುಗ್ಗಿದೆ ಎಂಬುದನ್ನೂ ಹೇಳಿರಿ. ರೋಗ ಬಂದ ತೋಟದ ಕಂದು ಮತ್ತು ಮಣ್ಣನ್ನು ಇನ್ನೊಂದು ತೋಟಕ್ಕೆ ಒಯ್ಯಬಾರದೆಂಬ ಎಚ್ಚರ ಮಕ್ಕಳಿಗೂ ಇರಲಿ.

ಮಳೆ ಅಳೆಯಲು ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿ ಇಟ್ಟು, ಬೆಳಗ್ಗೆ ಎಂಟೂವರೆಗೆ ಒಳಗಿನ ನೀರನ್ನು ಅಡಿಪಟ್ಟಿಯಿಂದ ಅಳೆಸಿರಿ. ಒಂದು ಮಿಲಿಮೀಟರ್ ಮಳೆಗೆ ಒಂದು ಎಕರೆಯ ಮೇಲೆ ಸುಮಾರು 4,000 ಲೀಟರ್ ಬಿದ್ದಂತೆ; 25 ಮಿಲಿಮೀಟರಿಗೆ ಒಂದು ಲಕ್ಷ ಲೀಟರ್. ಕೃಷಿಹೊಂಡ ಬೇಕೆ ಬೇಡವೆ ಎಂಬ ಮಾತು ಮನೆಯಲ್ಲಿ ಬಂದಾಗ ಈ ಅಂಕಿ ಇಟ್ಟುಕೊಂಡು ಮಾತನಾಡಿರಿ. ಮಣ್ಣು, ಬೆಳೆಗಳ ವಿಷಯದಲ್ಲಿ ಹೆಚ್ಚಿನ ಸಂದೇಹಗಳಿದ್ದರೆ ಸುತ್ತೂರಿನ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಮಕ್ಕಳನ್ನೂ ಜೊತೆಗೆ ಕರೆತನ್ನಿರಿ.

ಕೊನೆಯದಾಗಿ ನಕಾಶೆಯ ಬಗ್ಗೆ ಒಂದು ಸೂಚನೆ. ಬರೀ ಕಾಗದದ ನಕಾಶೆ ಮಕ್ಕಳ ಕೈಯಲ್ಲಿ ಒಂದು ತಿಂಗಳು ಬಾಳುವುದಿಲ್ಲ. ಹಳೆಯ ಪಂಚೆಯ ತುಂಡನ್ನು ಹಲಗೆಯ ಮೇಲೆ ಬಿಗಿಯಾಗಿ ಹಾಸಿ, ತೆಳುವಾಗಿ ಕುದಿಸಿದ ಮೈದಾ ಅಂಟು ಬಳಿದು, ನಕಾಶೆಯನ್ನು ನಡುವಿನಿಂದ ಅಂಚಿಗೆ ಒತ್ತುತ್ತ ಅಂಟಿಸಿರಿ. ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳು ಹತ್ತುವುದಿಲ್ಲ. ಅದು ವಿಷವಾದ್ದರಿಂದ ಆ ಕೆಲಸ ದೊಡ್ಡವರೇ ಮಾಡಿ ಕೈ ತೊಳೆದುಕೊಳ್ಳಬೇಕು. ನೆರಳಿನಲ್ಲಿ ಎರಡು ದಿನ ಒಣಗಿಸಿ, ಮಡಿಸದೆ ಸುರುಳಿ ಸುತ್ತಿಡಿರಿ. ಇನ್ನೊಂದು ಪ್ರತಿಯನ್ನು ನಿಮ್ಮ ಗ್ರಾಮ ಪಂಚಾಯಿತಿಯ ವಾಚನಾಲಯದ ಗೋಡೆಗೂ ಹಾಕಿಸಿರಿ.